ಅನ್ನಮ್ಮನ ಊರಿಂದ ಎಮ್ಮೆಮಾಡಿಗೆ

ಹೂಮಳೆ ಬಿದ್ದು ಒಂದು ವಾರ ಕಳೆದಿತ್ತು, ತೋಟಗಳೆಲ್ಲ ಕಾಫಿ ಹೂವಿನಿಂದ ಬೆಳ್ಳಗಾಗಿದ್ದವು. ವಿರಾಜಪೇಟೆಯಲ್ಲಿ ಬಸ್ ಇಳಿದವಳೇ ಸಂತ ಅನ್ನಮ್ಮ ಚರ್ಚಿಗೆ ಹೋದೆ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ಯಾಥೊಲಿಕರಿಗೆ ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ ಆಸರೆ ಕೊಟ್ಟ ಕಾಲದ್ದು, 1792ರಲ್ಲಿ ಶುರುವಾದದ್ದು.

ಒಳಗೆ ಕೂತಿದ್ದ ಅಜ್ಜಿಯೊಬ್ಬರು ಪ್ರಾರ್ಥನೆ ಪುಸ್ತಕದಿಂದ ಒಂದು ಚಿತ್ರ ತೆಗೆದು ತೋರಿಸಿದರು. ಅಂಚು ಸವೆದು ಬಟ್ಟೆಯ ಹಾಗೆ ಮೆತ್ತಗಾಗಿತ್ತು. ಅನ್ನಮ್ಮ ಮಗಳು ಮರಿಯಳಿಗೆ ಓದು ಕಲಿಸುತ್ತಿದ್ದಾಳೆ, ಪುಟ್ಟ ಬೆರಳು ಅಕ್ಷರದ ಮೇಲಿದೆ.

"ಯೇಸುಸ್ವಾಮಿಯ ಅಜ್ಜಿ ಇವರು, ಮಗಾ."

ಆದರೆ ಬೈಬಲ್ಲಿನಲ್ಲಿ ಈ ಅಜ್ಜಿಯ ಹೆಸರೇ ಇಲ್ಲ. ಬೈಬಲ್ಲಿಗೆ ಸೇರದ, ಎರಡನೇ ಶತಮಾನದ ಒಂದು ಬರಹದಲ್ಲಿ ಅವಳು ಬರುತ್ತಾಳೆ. ಮಕ್ಕಳಿಲ್ಲದವಳು, ಗಂಡಾಗಲಿ ಹೆಣ್ಣಾಗಲಿ ದೇವರಿಗೇ ಕೊಡುತ್ತೇನೆ ಅಂತ ಹರಕೆ ಹೊರುತ್ತಾಳೆ.

ಇಂಥ ಹರಕೆ ಇನ್ನೂ ಹಳೆಯದು. ಯಹೂದಿಗಳ ಗ್ರಂಥದಲ್ಲಿ ಹನ್ನಾ ಎಂಬವಳು ಗಂಡುಮಗು ಕೊಟ್ಟರೆ ನಿನಗೇ ಒಪ್ಪಿಸುತ್ತೇನೆ ಅಂತ ಬೇಡುತ್ತಾಳೆ. ತುಟಿ ಅಲುಗುತ್ತದೆ, ದನಿ ಬರುವುದಿಲ್ಲ. ಪುರೋಹಿತ ಏಲಿ ಇವಳು ಕುಡಿದಿದ್ದಾಳೆ ಅಂದುಕೊಳ್ಳುತ್ತಾನೆ! ಹುಟ್ಟಿದ ಮಗ ಸಮುವೇಲ ದೊಡ್ಡ ಪ್ರವಾದಿಯಾದ, ಆದರೂ ಯಹೂದಿ ಗುರುಗಳು ಹಿಡಿದುಕೊಂಡದ್ದು ಆ ತಾಯಿಯ ತುಟಿಗಳನ್ನು. ಪ್ರಾರ್ಥಿಸುವ ಬಗೆಯನ್ನೇ ಅವಳಿಂದ ಕಲಿಯಬೇಕು ಅನ್ನುತ್ತದೆ ಆ ಗುರುಗಳ ಮಾತುಗಳ ಗ್ರಂಥ ತಾಲ್ಮುಡ್. ಅವರ ಹೊಸವರ್ಷದ ಮೊದಲ ದಿನ ಈಗಲೂ ಈ ಕಥೆ ಓದುತ್ತಾರೆ.

ನಾಪೋಕ್ಲುವಿನಿಂದ ಎಮ್ಮೆಮಾಡು ದರ್ಗಾಕ್ಕೆ ಆಟೋ ಹಿಡಿದೆ. ಚರ್ಚಿನ ಮಾತು ತೆಗೆದಾಗ ಡ್ರೈವರ್ ತಿರುಗಿ ನೋಡಿದರು. "ಮರ್ಯಂ ಬೀವಿಯ ಉಮ್ಮ ಅಲ್ವಾ? ನಮಗೆ ಮದ್ರಸಾದಲ್ಲಿ ಹನ್ನಾ ಅಂತ ಹೇಳಿಕೊಟ್ಟಿದ್ದಾರೆ ಅಕ್ಕ."

ಮರ್ಯಂ ಅಂದರೆ ಅದೇ ಮರಿಯ, ಉಮ್ಮ ಅಂದರೆ ಅಮ್ಮ. ಕುರ್‌ಆನ್‌ನ 3ನೇ ಅಧ್ಯಾಯದಲ್ಲಿ ಈ ಅಮ್ಮ ಇಮ್ರಾನನ ಹೆಂಡತಿ ಅಷ್ಟೇ, ಹೆಸರು ಕೊಟ್ಟವರು ವ್ಯಾಖ್ಯಾನಕಾರರು. ಹೊಟ್ಟೆಯಲ್ಲಿರುವ ಕೂಸನ್ನು ದೇವರಿಗೆ ಮುಡಿಪಿಟ್ಟಿದ್ದಾಳೆ. ಹೆತ್ತ ಮೇಲೆ ಹೇಳುತ್ತಾಳೆ, ದೇವರೇ, ನಾನು ಹೆಣ್ಣು ಹೆತ್ತೆ. ನಾನು ಹುಟ್ಟಿದಾಗ ನಮ್ಮಮ್ಮನೂ ಇದೇ ಮಾತನ್ನು ಅಳುತ್ತಾ ಹೇಳಿದ್ದಳಂತೆ, ಹಾಗಾಗಿ ಈ ಸಾಲು ನನ್ನನ್ನು ಬಿಡುವುದೇ ಇಲ್ಲ. ಅವಳು ಹೆತ್ತದ್ದೇನು ಅಂತ ದೇವರಿಗೆ ಚೆನ್ನಾಗಿ ಗೊತ್ತಿತ್ತು ಅನ್ನುತ್ತದೆ ಅದೇ ವಚನ. ಮುಂದೆ ಆ ಹೆಣ್ಣುಕೂಸನ್ನು ದೇವರು ಪ್ರೀತಿಯಿಂದ ಒಪ್ಪಿಕೊಳ್ಳುತ್ತಾನೆ.

ದರ್ಗಾ ತಲುಪಿದಾಗ ಮಧ್ಯಾಹ್ನ. ಗೋಡೆಗೆ ಒರಗಿ ಒಬ್ಬ ಹೆಂಗಸು ಕೂತಿದ್ದರು, ತಲೆ ಮೇಲೆ ಬಿಳಿ ದುಪಟ್ಟಾ, ಮಡಿಲಲ್ಲಿ ನಿದ್ದೆ ಹೋದ ಮಗು. ಅವರ ತುಟಿ ಅಲುಗುತ್ತಿತ್ತು. ಪಕ್ಕದಲ್ಲೇ ಕೂತೆ, ದನಿ ಮಾತ್ರ ಕೇಳಲಿಲ್ಲ.