ರೋಸ್ಟಾಕ್‌ನ ಹಾಯಿ ಹಡಗುಗಳ ಉತ್ಸವಕ್ಕೆ ಹೋಗುವವರಿಗೆ

ಜರ್ಮನಿಯ ಬಾಲ್ಟಿಕ್ ತೀರದಲ್ಲಿರುವ ರೋಸ್ಟಾಕ್‌ನಲ್ಲಿ ಆಗಸ್ಟ್ ಎರಡನೆಯ ವಾರಾಂತ್ಯ ಬಂತೆಂದರೆ ಬಂದರಿನ ತುಂಬ ಕೂವೆಮರಗಳ, ಅಂದರೆ ಹಾಯಿ ಕಟ್ಟುವ ಕಂಬಗಳ, ಕಾಡು. 1991ರಲ್ಲಿ ಆರಂಭವಾದ ಈ ಹಾನ್ಸೆ ಸೈಲ್ ಉತ್ಸವ ಗುರುವಾರದಿಂದ ಭಾನುವಾರದವರೆಗೆ ನಡೆಯುತ್ತದೆ. ಬಂದರಿನಲ್ಲಿ ಓಡಾಡಲು ಟಿಕೆಟ್ ಬೇಕಿಲ್ಲ. ಆದರೆ ಕಟ್ಟಿಹಾಕಿದ ಹಡಗುಗಳನ್ನಷ್ಟೇ ನೋಡಿ ಮರಳಿದರೆ ಅರ್ಧ ನೋಡಿದಂತೆಯೂ ಆಗುವುದಿಲ್ಲ. ಹಾಯಿ ಬಿಚ್ಚಿಕೊಳ್ಳುವುದನ್ನು ನೋಡಲೇಬೇಕು.

ಅದಕ್ಕೆ ಎರಡು ದಾರಿಗಳಿವೆ. ಉತ್ಸವದ ಬುಕಿಂಗ್ ಕೇಂದ್ರದ ಮೂಲಕ ಹಡಗಿನಲ್ಲಿ ಜಾಗ ಕಾಯ್ದಿರಿಸುವುದು ಒಂದು. ನಗರದ ಬಂದರಿನಿಂದ ಹೊರಟ ಹಡಗು ವಾರ್ನೋ ನದಿಯಲ್ಲಿ ಎಂಜಿನ್ ಬಲದಿಂದಲೇ ಸಾಗುತ್ತದೆ. ಸಮುದ್ರ ಸೇರಿದ ಮೇಲೆ ನಿಜವಾದ ಕೆಲಸ ಶುರು. ಸಿಬ್ಬಂದಿ ಸಾಲಾಗಿ ನಿಂತು ಹಗ್ಗ ಎಳೆಯುವಾಗ ನಿಮ್ಮನ್ನೂ ಕರೆದರೆ ಖಂಡಿತ ಕೈಜೋಡಿಸಿ. ಮೊದಲು ಸಡಿಲವಾಗಿ ಬರುವ ಹಗ್ಗ ಗಾಳಿ ಹಾಯಿಯನ್ನು ತುಂಬುತ್ತಿದ್ದಂತೆ ಬಿಗಿಯಾಗಿ ಅಂಗೈಯನ್ನು ಸುಡುತ್ತದೆ. ಆ ಎಳೆತವನ್ನು ಮರದ ಗೂಟಕ್ಕೆ ಎಂಟರ ಆಕಾರದಲ್ಲಿ ಸುತ್ತಿ ನಿಲ್ಲಿಸುತ್ತಾರೆ. ಗಂಟೇ ಇಲ್ಲ! ತುರ್ತಿನಲ್ಲಿ ಕ್ಷಣದಲ್ಲಿ ಬಿಚ್ಚಲು ಬರಬೇಕಲ್ಲ. ಗಾಳಿಯೇ ಬೀಸದಿದ್ದರೆ ಎಂಜಿನ್‌ನಲ್ಲೇ ಮರಳಬೇಕಾದೀತು, ಅದಕ್ಕೂ ಮನಸ್ಸು ಸಿದ್ಧವಿರಲಿ.

ಜಾಗ ಸಿಗದಿದ್ದರೆ ನದಿ ಸಮುದ್ರ ಸೇರುವ ವಾರ್ನೆಮ್ಯುಂಡೆಗೆ ಹೋಗಿ. ಮುಖ್ಯ ನಿಲ್ದಾಣದಿಂದ ಉಪನಗರ ರೈಲಿನಲ್ಲಿ ಸುಮಾರು 20 ನಿಮಿಷ. ಹಳೆಯ ದೀಪಸ್ತಂಭ ದಾಟಿ ಪಶ್ಚಿಮದ ಅಲೆತಡೆ ಗೋಡೆಯ ಮೇಲೆ ನಿಂತರೆ ಒಂದೊಂದೇ ಹಡಗು ಎದುರಿಗೇ ಹಾದುಹೋಗುತ್ತದೆ. ಖರ್ಚಿಲ್ಲದೆ ಸಿಗುವ ಇದಕ್ಕಿಂತ ಒಳ್ಳೆಯ ಜಾಗ ನನಗೆ ಕಾಣಲಿಲ್ಲ.

ನಗರದ ಬಂದರಿನಲ್ಲಿ ಹತ್ತಿರದ ಬಂದರು ನಗರ ವಿಸ್ಮಾರ್‌ನಿಂದ ಬರುವ ವಿಸ್ಸೆಮಾರಾ ಎಂಬ ಹಡಗನ್ನು ಹುಡುಕಿ. ಹಾನ್ಸಿಯಾಟಿಕ್ ಕಾಲದ (ಮಧ್ಯಯುಗದಲ್ಲಿ ಉತ್ತರ ಯುರೋಪಿನ ವ್ಯಾಪಾರಿ ನಗರಗಳು ಹಾನ್ಸೆ ಎಂಬ ಒಕ್ಕೂಟ ಕಟ್ಟಿಕೊಂಡಿದ್ದ ಕಾಲದ) ವರ್ತಕರ ಕಾಗ್ ಹಡಗಿನ ಮಾದರಿಯಲ್ಲಿ ಕಟ್ಟಿ 2004ರಲ್ಲಿ ನೀರಿಗಿಳಿಸಿದ್ದು ಅದು: ಒಂದೇ ಕೂವೆಮರ, ಒಂದೇ ದೊಡ್ಡ ಚೌಕ ಹಾಯಿ, ಹಂಚು ಹೊದಿಸಿದಂತೆ ಒಂದರ ಅಂಚಿನ ಮೇಲೊಂದು ಕೂರಿಸಿದ ಹಲಗೆಗಳು. ಹತ್ತಿರ ಹೋದರೆ ಆ ಅಂಚುಗಳಲ್ಲಿ ಸಾಲುಗಟ್ಟಿದ ಮೊಳೆಗಳ ತಲೆಯೂ ಕಾಣುತ್ತದೆ. ಉಕ್ಕಿನ ಒಡಲಿನ ದೊಡ್ಡ ತರಬೇತಿ ಹಡಗುಗಳ ಮುಂದೆ ಜನ ಮುಗಿಬೀಳುತ್ತಾರೆ. ನನ್ನ ಒಲವು ಮಾತ್ರ ಈ ಮರದ ಹಡಗಿನ ಕಡೆಗೇ.

ಹಡಗು ಹತ್ತಲು ಬಿಡುವ ಹೊತ್ತನ್ನು ಮುಂಚೆಯೇ ತಿಳಿದುಕೊಳ್ಳಿ. ಹಿಮ್ಮಡಿಯಿಲ್ಲದ ಮೆತ್ತನೆಯ ಅಡಿಯ ಬೂಟು ಧರಿಸಿ. ಆಗಸ್ಟ್ ಆದರೂ ಸಮುದ್ರದ ಮೇಲೆ ಚಳಿ ಹಿಡಿಯುತ್ತದೆ, ಗಾಳಿ ತಡೆಯುವ ಜಾಕೆಟ್ ಬೇಕೇ ಬೇಕು. ಶನಿವಾರ ಕಾಲಿಡಲು ಜಾಗವಿರುವುದಿಲ್ಲ; ಗುರುವಾರವೋ ಶುಕ್ರವಾರವೋ ಬಂದರೆ ನಾವಿಕರು ನಿಂತು ಮಾತನಾಡುತ್ತಾರೆ. ರೋಸ್ಟಾಕ್‌ನಲ್ಲಿ ಕೋಣೆಗಳು ತಿಂಗಳುಗಳ ಮೊದಲೇ ತುಂಬುತ್ತವೆ. ಸಿಗದಿದ್ದರೆ ಶ್ವೆರಿನ್ ಅಥವಾ ವಿಸ್ಮಾರ್‌ನಲ್ಲಿ ಉಳಿದುಕೊಂಡು ರೈಲಿನಲ್ಲಿ ಬಂದುಹೋಗಬಹುದು. ಸೂರ್ಯ ಮುಳುಗುವುದೇ ರಾತ್ರಿ 9ರ ಸುಮಾರಿಗೆ, ಹಾಗಾಗಿ ಕೊನೆಯ ರೈಲಿನ ಸಮಯವನ್ನು ಬೆಳಿಗ್ಗೆಯೇ ನೋಡಿಟ್ಟುಕೊಳ್ಳಿ.