ನ್ಯೂ ಲಾನಾರ್ಕ್ ರಟ್ಟಿನ ಮಾಡೆಲ್, ಏಳನೇ ವಾರ: ಮೋಟಾದ ಮಿಲ್

ಈ ವಾರ ಮುಂದೆ ಹೋಗಿದ್ದಕ್ಕಿಂತ ಹಿಂದೆ ಬಂದಿದ್ದೇ ಜಾಸ್ತಿ. ಮಿಲ್ ನಂಬರ್ 1 ಮುಗೀತಪ್ಪಾ ಅಂತ ಕಿಟಕಿ ಎಲ್ಲಾ ಕತ್ತರಿಸಿ, ಛಾವಣಿ ಅಂಟಿಸಿ, ಮಿಲ್ 2ರ ಪಕ್ಕ ಇಟ್ಟು ನೋಡ್ತೀನಿ, ಮೋಟಾಗಿ ಅದ್ರ ಪುಟ್ಟ ತಮ್ಮನ ಥರ ನಿಂತಿದೆ! ಅಳತೆ ತಗೊಂಡಿದ್ದು ಹಳೇ ಕಪ್ಪು ಬಿಳುಪು ಫೋಟೋದಿಂದ. 1945ರಲ್ಲಿ ಅದ್ರ ಮೇಲಿನ ಮಹಡಿಗಳನ್ನ ತೆಗೆಸಿಬಿಟ್ಟಿದ್ರು, ಆಮೇಲೆ ರಿಪೇರಿ ಟೈಮಲ್ಲಿ ಮತ್ತೆ ಕಟ್ಟಿದ್ದು, ಈಗ ಅದು ಹೋಟೆಲ್. ನಾನು ಮಾಡ್ತಿರೋದು ಈಗಿನ ಊರು, ಹಂಗಾಗಿ ಛಾವಣಿ ಕಿತ್ತೆ, ಫೆವಿಕಾಲ್ ಜೊತೆ ಅರ್ಧ ಗೋಡೆನೂ ಬಂತು.

ಹೊಸಬ್ರಿಗೆ: ಇದು ಸ್ಕಾಟ್ಲೆಂಡಲ್ಲಿ ಕ್ಲೈಡ್ ನದಿ ಕಣಿವೇಲಿರೋ ಹತ್ತಿ ಗಿರಣಿ ಊರು. ಡೇವಿಡ್ ಡೇಲ್ 1786ರ ಹೊತ್ತಿಗೆ ಶುರು ಮಾಡಿದ್ದು, 1800ರಿಂದ ಅವ್ನ ಅಳಿಯ ರಾಬರ್ಟ್ ಓವೆನ್ ನೋಡ್ಕೊಂಡ. 1968ರಲ್ಲಿ ಗಿರಣಿ ಮುಚ್ಚಿ ಊರೇ ಪಾಳು ಬೀಳೋ ಹಂಗಾಗಿತ್ತು, 1974ರಲ್ಲಿ ಒಂದು ಟ್ರಸ್ಟ್ ಹುಟ್ಕೊಂಡು ಸಾಲುಮನೆಗಳನ್ನ ಒಂದೊಂದಾಗಿ ರಿಪೇರಿ ಮಾಡಿಸ್ತು, 2001ರಲ್ಲಿ ಯುನೆಸ್ಕೋ ಪಟ್ಟಿ ಸೇರ್ತು. ನಂಗೆ ಇಷ್ಟ ಆಗಿದ್ದು ಏನಂದ್ರೆ ಬರೀ ಮ್ಯೂಸಿಯಂ ಮಾಡಿ ಬೀಗ ಹಾಕಿಲ್ಲ, ಆ ಮನೆಗಳಲ್ಲಿ ಈಗ್ಲೂ ಜನ ಇದಾರೆ.

ಮಿಲ್ 4 ಕಟ್ಟೋ ಕೆಲ್ಸ ಉಳೀತು, 1883ರಲ್ಲೇ ಸುಟ್ಟೋಗಿದೆ. ಕಾಲುವೆ ಮಾತ್ರ ಜೀವ ತಿಂತಿದೆ. ನದಿ ನೀರನ್ನ ಸುರಂಗದಲ್ಲಿ ತಂದು ಗಿರಣಿಗಳ ಬೆನ್ನಿಗೆ ಹರಿಸಿ ಚಕ್ರ ತಿರುಗಿಸ್ತಿದ್ರು, ಊರು ಅಲ್ಲೇ ಹುಟ್ಟಿದ್ದೇ ಆ ನೀರಿನ ರಭಸಕ್ಕೆ, ಅದು ಸಪ್ಪೆಯಾದ್ರೆ ಮಾಡೆಲ್ಲೇ ಸಪ್ಪೆ. ನೀಲಿ ಜಿಲಾಟಿನ್ ಪೇಪರ್ ಹಾಕಿದ್ರೆ ಗಣಪತಿ ಮಂಟಪದ ಡೆಕೋರೇಶನ್ ಥರ ಕಾಣ್ತಿತ್ತು, ಕಿತ್ತು ಹಾಕ್ದೆ. ಈಗ ಕಂದು ಬಣ್ಣದ ಮೇಲೆ ಮೂರು ಕೋಟ್ ವಾರ್ನಿಶ್, ಪರ್ವಾಗಿಲ್ಲ.

ಬೇಜಾರಿಗೆ ಒಂದು ಸೈಡ್ ಕೆಲ್ಸನೂ ಆಯ್ತು, ಓವೆನ್ನನ 'ಸೈಲೆಂಟ್ ಮಾನಿಟರ್'. ಬೆರಳುದ್ದದ ಮರದ ತುಂಡು, ನಾಲ್ಕು ಮುಖಕ್ಕೆ ನಾಲ್ಕು ಬಣ್ಣ, ಒಬ್ಬೊಬ್ಬ ಕೆಲಸಗಾರನ ಪಕ್ಕ ಒಂದೊಂದು ತೂಗು ಹಾಕ್ತಿದ್ರು. ನಿನ್ನೆ ನೀನು ಹೆಂಗಿದ್ದೆ ಅನ್ನೋದು ಇವತ್ತು ಊರಿಗೆಲ್ಲಾ ಕಾಣ್ಬೇಕು: ಬಿಳಿ ಅಂದ್ರೆ ಭಲೇ, ಹಳದಿ ಅಂದ್ರೆ ಒಳ್ಳೇದು, ನೀಲಿ ಅಂದ್ರೆ ಅಷ್ಟಕ್ಕಷ್ಟೆ, ಕಪ್ಪು ಅಂದ್ರೆ ಕೆಟ್ಟದ್ದು. ಹೊಡೆಯೋದು ಬೈಯೋದು ಬೇಡ ಅಂತ ಮಾಡಿದ್ದಂತೆ, ನಂಗೇನೋ ಬೈಗುಳವೇ ವಾಸಿ ಅನ್ಸತ್ತೆ. ಮಾಡೆಲ್ ಅಳತೆಗೆ ಅದು ಸಾಸಿವೆ ಕಾಳಿಗಿಂತ ಚಿಕ್ಕದಾಗತ್ತೆ ಅಂತ ನಿಜವಾದ ಸೈಜಲ್ಲೇ ಮಾಡಿ ಟೇಬಲ್ ಪಕ್ಕ ಮೊಳೆಗೆ ನೇತು ಹಾಕಿ ಬಿಳಿ ಕಡೆ ತಿರುಗಿಸಿಟ್ಟಿದ್ದೆ.

ಬೆಳಿಗ್ಗೆ ನೋಡಿದ್ರೆ ಕಪ್ಪು. ಕೇಳಿದ್ದಕ್ಕೆ ಮಗಳು ಮಾತಾಡದೆ ನೆಲದ ಮೇಲಿದ್ದ ರಟ್ಟಿನ ಚೂರು ತೋರಿಸಿದ್ಲು.