ಮೂರನೇ ಬೆಂಚಿನ ಹಾಜರಿ

ಊರಿನಿಂದ ಫೋನ್ ಮಾಡುವವರು ಮೊದಲು ಕೇಳುವುದು ಚಳಿ ಎಷ್ಟಿದೆ ಅಂತ, ಆಮೇಲೆ ಸಂಬಳ ಎಷ್ಟು ಅಂತ. ನಮ್ಮಮ್ಮನದು ಮಾತ್ರ ಒಂದೇ ಪ್ರಶ್ನೆ. "ಪೂಜೆಗೆ ಹೋಗಿದ್ಯಾ?" ನಮ್ಮಂಥ ಕನ್ನಡ ಕ್ಯಾಥೊಲಿಕರ ಮನೆಗಳಲ್ಲಿ ಪೂಜೆ ಅಂದರೆ ಭಾನುವಾರದ ಬಲಿಪೂಜೆ, ಚರ್ಚಿನಲ್ಲಿ ನಡೆಯುವ ಮಾಸ್. ನಾನು ಮೈಸೂರಿನವಳು, ನರ್ಸ್. ಜರ್ಮನಿಗೆ ಬಂದು ಐದನೇ ವರ್ಷ ನಡೆಯುತ್ತಿದೆ. ಕೊಲೋನ್‌ನಿಂದ ರೈಲಿನಲ್ಲಿ ಮುಕ್ಕಾಲು ಗಂಟೆ ದೂರದ ಸಣ್ಣ ಊರು, ವಯಸ್ಸಾದವರನ್ನು ನೋಡಿಕೊಳ್ಳುವ ಮನೆಯಲ್ಲಿ ಕೆಲಸ. ಅಮ್ಮ ಕೇಳಿದಾಗಲೆಲ್ಲ "ಹೂಂ, ಹೋಗಿದ್ದೆ" ಅಂದು ಮಾತು ಮುಗಿಸುತ್ತೇನೆ. ಪೂರ್ತಿ ಹೇಳಲು ಕೂತರೆ ಅವಳ ಧಾರಾವಾಹಿ ತಪ್ಪುತ್ತದೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಇಲ್ಲಿ ನಾನು ಕ್ಯಾಥೊಲಿಕ್ ಅಂತ ಮೊದಲು ಗೊತ್ತಾದದ್ದು ಫಾದರ್‌ಗಲ್ಲ, ತೆರಿಗೆಯವರಿಗೆ. ಬಂದ ಹೊಸದರಲ್ಲಿ ಊರಿನ ಕಚೇರಿಗೆ ಹೋಗಿ ವಿಳಾಸ ಬರೆಸಬೇಕು, ಆ ಫಾರ್ಮಿನಲ್ಲಿ ಧರ್ಮ ಅಂತ ಒಂದು ಕಾಲಂ ಇರುತ್ತದೆ. ನಾನು ಖುಷಿಯಿಂದಲೇ ರೋಮನ್ ಕ್ಯಾಥೊಲಿಕ್ ಅಂತ ತುಂಬಿಸಿದೆ. ಮೊದಲ ಸಂಬಳದ ಚೀಟಿ ಬಂತು. ವಿಮೆ, ಪಿಂಚಣಿ, ತೆರಿಗೆ ಅಂತ ಸಾಲು ಸಾಲು ಕಡಿತ, ಅದರ ಮಧ್ಯೆ ಇನ್ನೊಂದು, ಕಿರ್ಶೆನ್‌ಷ್ಟೊಯರ್. ಚರ್ಚ್ ತೆರಿಗೆ! ಪುಣ್ಯಕ್ಕೆ ಸಂಬಳದ ಮೇಲಲ್ಲ, ನಾವು ಕಟ್ಟುವ ಆದಾಯ ತೆರಿಗೆಯ ಮೇಲೆ 9%. ಬವೇರಿಯಾ ಮತ್ತು ಬಾಡೆನ್ ವುರ್ಟೆಂಬರ್ಗ್ ರಾಜ್ಯಗಳಲ್ಲಿ 8%. ಅಂದರೆ ತಿಂಗಳಿಗೆ 300 ಯೂರೋ ತೆರಿಗೆ ಹೋದರೆ ಅದರ ಜೊತೆ ಚರ್ಚಿಗೆ 27 ಯೂರೋ. ಮೈಸೂರಿನಲ್ಲಿ ಕಾಣಿಕೆಗೆ ಹತ್ತು ರೂಪಾಯಿ ಹಾಕುವಾಗಲೂ ಐದರ ನಾಣ್ಯ ಇದೆಯಾ ಅಂತ ಪರ್ಸ್ ತಡಕುತ್ತಿದ್ದವಳು ನಾನು. 27 ಯೂರೋವನ್ನು ರೂಪಾಯಿಗೆ ತಿರುಗಿಸಿ ನೋಡಿದೆ, ನೋಡಬಾರದಿತ್ತು.

ಜೊತೆಯಲ್ಲಿ ಕೆಲಸ ಮಾಡುವವಳು "ಬೇಡ ಅಂದ್ರೆ ಕೋರ್ಟಿಗೆ ಹೋಗಿ ಹೆಸರು ತೆಗೆಸು, 30 ಯೂರೋ ಫೀಸು ಅಷ್ಟೇ" ಅಂದಳು. ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡೆ. ನಿಜವಾಗಿಯೂ ಹಾಗೇ. ಈ ರಾಜ್ಯದಲ್ಲಿ ಚರ್ಚ್ ಬಿಡುವವರು ಸ್ಥಳೀಯ ನ್ಯಾಯಾಲಯದ ಕಚೇರಿಗೆ ಹೋಗಿ ಸಹಿ ಹಾಕಬೇಕು. ಹಾಗೆ ಬಿಟ್ಟವರಿಗೆ ಪೂಜೆಯಲ್ಲಿ ಕೊಡುವ ಪರಮಪ್ರಸಾದ ಇಲ್ಲ, ಯಾರದೇ ಮಗುವಿನ ಜ್ಞಾನಸ್ನಾನಕ್ಕೆ (ಬ್ಯಾಪ್ಟಿಸಂಗೆ) ಧರ್ಮತಾಯಿ ಆಗಿ ನಿಲ್ಲುವಂತಿಲ್ಲ. ಆದರೂ ಬಿಡುವವರು ಬಿಡುತ್ತಲೇ ಇದ್ದಾರೆ. 2022ರ ಒಂದೇ ವರ್ಷದಲ್ಲಿ ಈ ದೇಶದಲ್ಲಿ 5.2 ಲಕ್ಷಕ್ಕೂ ಹೆಚ್ಚು ಕ್ಯಾಥೊಲಿಕರು ಹೆಸರು ತೆಗೆಸಿದರು. ದುಡ್ಡು ಒಂದು ಕಾರಣ. ಇನ್ನೊಂದು ಕಾರಣ, ಪಾದ್ರಿಗಳಿಂದ ಮಕ್ಕಳ ಮೇಲೆ ನಡೆದ ದೌರ್ಜನ್ಯಗಳು, ಅದಕ್ಕಿಂತ ಹೆಚ್ಚಾಗಿ ಅದನ್ನು ವರ್ಷಗಟ್ಟಲೆ ಮುಚ್ಚಿಟ್ಟದ್ದು. ಆ ಸಿಟ್ಟು ಸುಳ್ಳಲ್ಲ. ನನ್ನ ಆ ಗೆಳತಿಯೂ ಅದೇ ಸಿಟ್ಟಿನಲ್ಲಿ ಬಿಟ್ಟವಳು, ನಾನು ಅವಳಿಗೆ ಎದುರು ಮಾತಾಡಲು ಹೋಗಲಿಲ್ಲ.

ನಾನು ಬಿಡಲಿಲ್ಲ. ಭಕ್ತಿ ಅಂತ ತಿಳಿಯಬೇಡಿ, ಅಮ್ಮನಿಗೆ ಹೇಳುವ ಧೈರ್ಯ ಇರಲಿಲ್ಲ ಅಷ್ಟೇ. ಅದಲ್ಲದೆ ದುಡ್ಡು ಹೇಗೂ ಕಟ್ಟುತ್ತಿದ್ದೇನೆ, ಹೋಗದೇ ಇದ್ದರೆ ನಷ್ಟ ಅಲ್ವಾ!

ಮೊದಲ ತಿಂಗಳು ಕೊಲೋನ್‌ಗೇ ಹೋದೆ. ಮೈಸೂರಿನವರಿಗೆ ಅದೊಂದು ಹಳೇ ಬಾಕಿ. ನಮ್ಮ ಫಿಲೋಮಿನಾ ಚರ್ಚಿಗೆ ಕೊಲೋನ್ ಕಥೀಡ್ರಲ್ಲೇ ಮಾದರಿ ಅಂತ ಸ್ಕೂಲಿನಲ್ಲಿ ಇದ್ದಾಗಿನಿಂದ ಕೇಳಿದ್ದೇನೆ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅಡಿಗಲ್ಲು ಹಾಕಿದ ಚರ್ಚು ಅದು, ಗೋಪುರಗಳು 175 ಅಡಿ. ಇಡೀ ಪ್ರಪಂಚದಲ್ಲಿ ಅದಕ್ಕಿಂತ ಎತ್ತರದ್ದು ಇರಲಾರದು ಅಂತಿದ್ದೆ. ಕೊಲೋನ್ ರೈಲ್ವೆ ಸ್ಟೇಷನ್ನಿನ ಬಾಗಿಲು ದಾಟಿದರೆ ಎದುರಿಗೇ ನಿಂತಿದೆ ಅದರ ಮೂರರಷ್ಟು ಎತ್ತರದ್ದು, 157 ಮೀಟರ್, ಹೊಗೆ ಹಿಡಿದು ಕಪ್ಪಾದ ಕಲ್ಲು. 1248ರಲ್ಲಿ ಶುರು ಮಾಡಿ 1880ರಲ್ಲಿ ಮುಗಿಸಿದ್ದಂತೆ. ಒಳಗೆ ಪೂಜೆ ನಡೆಯುತ್ತಿದ್ದರೂ ನಾನು ಪ್ರವಾಸಿ ಥರಾನೇ ಇದ್ದೆ. ಅಕ್ಕಪಕ್ಕದವರೂ ಪ್ರವಾಸಿಗಳೇ. ಮುಗಿದ ಮೇಲೆ ಎಲ್ಲರೂ ಚೆದುರಿ ಹೋದರು, ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಕೊಲೋನ್‌ನಲ್ಲಿ ಮಲಯಾಳಿಗಳ ದೊಡ್ಡ ಸಮುದಾಯ ಇದೆ. 1960ರ ದಶಕದಲ್ಲೇ ಚರ್ಚಿನ ಮೂಲಕ ಕೇರಳದಿಂದ ನರ್ಸುಗಳು ಈ ದೇಶಕ್ಕೆ ಬಂದಿದ್ದರು, ಅವರ ಮೊಮ್ಮಕ್ಕಳು ಈಗ ಇಲ್ಲಿಯವರೇ. ಅವರ ಪೂಜೆಗೂ ಒಂದೆರಡು ಸಲ ಹೋದೆ. ಊಟ ಚೆನ್ನಾಗಿತ್ತು. ಮಾತು ಅರ್ಧಂಬರ್ಧ ತಿಳಿಯುತ್ತಿತ್ತು. ರಾತ್ರಿ ಪಾಳಿ ಮುಗಿಸಿ ಪ್ರತಿ ವಾರ ಅಷ್ಟು ದೂರ ಹೋಗುವುದು ಆಗಲಿಲ್ಲ.

ಹಾಗಾಗಿ ನಮ್ಮೂರಿನ ಚರ್ಚು. ನಾನೂರು ಜನ ಕೂರಬಹುದು, ಬರುವವರು ಮೂವತ್ತು. ದೇಶದ ಲೆಕ್ಕ ಕೂಡ ಹಾಗೇ ಇದೆ, ಭಾನುವಾರ ಪೂಜೆಗೆ ಬರುವ ಕ್ಯಾಥೊಲಿಕರು ನೂರಕ್ಕೆ ಆರೋ ಏಳೋ. ಆ ಮೂವತ್ತು ಜನ ಒಟ್ಟಿಗೆ ಕೂರುತ್ತಾರಾ ಅಂದರೆ ಅದೂ ಇಲ್ಲ. ಒಂದೊಂದು ಬೆಂಚಿಗೆ ಒಬ್ಬೊಬ್ಬರು, ಕೋಟು ಬಿಚ್ಚದೆ, ಮನೆಯಿಂದ ತಂದ ದಿಂಬಿನ ಮೇಲೆ. ಒಳಗೆ ಅಷ್ಟು ಚಳಿ. ಗ್ಯಾಸ್ ಬಿಲ್ಲು ಉಳಿಸಲು ಹೀಟರನ್ನು ಸ್ವಲ್ಪವೇ ಹಾಕುತ್ತಾರೆ, ಪ್ರಾರ್ಥನೆ ಹೇಳಿದರೆ ಬಾಯಿಂದ ಹಬೆ ಬರುತ್ತದೆ. ಹಾಡು ಯಾವುದು ಅಂತ ಯಾರೂ ಹೇಳುವುದಿಲ್ಲ, ಗೋಡೆಯ ಬೋರ್ಡಿನಲ್ಲಿ ನಂಬರ್ ಬರುತ್ತದೆ, ಪುಸ್ತಕದಲ್ಲಿ ಆ ನಂಬರ್ ಹುಡುಕಿ ಹಾಡಬೇಕು. ನಾನು ಹುಡುಕುವಷ್ಟರಲ್ಲಿ ಮೊದಲ ಚರಣ ಮುಗಿದಿರುತ್ತಿತ್ತು. ಪರಲೋಕ ಪ್ರಾರ್ಥನೆ ಮಾತ್ರ ಮೊದಲ ದಿನದಿಂದಲೂ ಕನ್ನಡದಲ್ಲೇ ಹೇಳುತ್ತೇನೆ, ಮೆಲ್ಲಗೆ. ಅವರದಕ್ಕಿಂತ ನನ್ನದು ಬೇಗ ಮುಗಿಯುತ್ತದೆ.

ನನಗೆ ಇದು ಚರ್ಚು ಅಂತಲೇ ಅನ್ನಿಸಲಿಲ್ಲ. ಊರಲ್ಲಿ ಪೂಜೆ ಅಂದರೆ ಗದ್ದಲ. ಅಳುವ ಮಕ್ಕಳು, ಮುಡಿದ ಮಲ್ಲಿಗೆ, ಮೈಕಿನ ಕಿರ್ರನೆ ಸದ್ದು, ಹಿಂದೆ ನಿಂತು ಮೊಬೈಲ್ ನೋಡುವ ಹುಡುಗರು. ಜೂನ್ 13ಕ್ಕೆ ದೋರನಹಳ್ಳಿ ಸಂತ ಅಂತೋಣಿಯವರ ಹಬ್ಬಕ್ಕೆ ಹೋದರೆ ನಮ್ಮ ಕಾಲು ನಮಗೇ ಸಿಗುವುದಿಲ್ಲ. ಆ ಜನರ ಮಧ್ಯೆ ನಾನೂ ಒಬ್ಬಳು, ಬಂದರೂ ಬರದಿದ್ದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಎಷ್ಟೋ ಭಾನುವಾರ ಚರ್ಚಿಗೆ ಅಂತ ಹೊರಟು ಗೆಳತಿಯರ ಜೊತೆ ದೋಸೆ ತಿಂದು ಬಂದಿದ್ದೇನೆ. (ಅಮ್ಮ ಇದನ್ನು ಓದುವುದಿಲ್ಲ ಅನ್ನುವ ನಂಬಿಕೆ ಇದೆ.)

ಇಲ್ಲಿ ಆ ಆಟ ನಡೆಯಲಿಲ್ಲ. ನಾನು ಎಡಗಡೆ ಮೂರನೇ ಬೆಂಚಿನ ತುದಿಯಲ್ಲಿ ಕೂರುತ್ತಿದ್ದೆ. ಆ ಬೆಂಚಿನ ಇನ್ನೊಂದು ತುದಿ ಒಬ್ಬರು ಅಜ್ಜಿಯದು. ಎಂಬತ್ತನಾಲ್ಕು ವರ್ಷ, ನೀಲಿ ಕೋಟು, ಕೈಗೆ ಬೆರಳಿಲ್ಲದ ಉಣ್ಣೆ ಗ್ಲೌಸು. ಆರು ತಿಂಗಳು ನಾವು, ಪೂಜೆಯ ನಡುವೆ ಅಕ್ಕಪಕ್ಕದವರಿಗೆ ಶಾಂತಿ ಹೇಳುವ ಹೊತ್ತಿಗೆ ತಲೆ ಆಡಿಸಿದ್ದು ಬಿಟ್ಟರೆ ಮಾತಿಲ್ಲ. ಒಮ್ಮೆ ಪಾಳಿ ಬದಲಾಗಿ ಎರಡು ಭಾನುವಾರ ತಪ್ಪಿತು. ಮೂರನೇ ವಾರ ಹೋದಾಗ ಅವರು ಪೂಜೆ ಮುಗಿಯುವವರೆಗೂ ಕಾದು, ಬೆಂಚಿನ ಉದ್ದಕ್ಕೂ ಜರುಗಿ ಬಂದು, "ಹುಷಾರಿರಲಿಲ್ವಾ?" ಅಂತ ಕೇಳಿದರು. ಕೆಲಸ ಇತ್ತು ಅಂದೆ. "ಹಾಗಾದ್ರೆ ಸರಿ. ಮುಂದಿನ ಸಲ ಹೇಳಿ ಹೋಗಿ. ಎರಡು ವಾರ ನಾನು ನಿಮಗೋಸ್ಕರ ಮೇಣದಬತ್ತಿ ಹಚ್ಚಿದೆ, ಒಂದಕ್ಕೆ 50 ಸೆಂಟು" ಅಂದರು. ನಗುತ್ತಾರಾ ಅಂತ ನೋಡಿದೆ. ನಗಲಿಲ್ಲ. ಮಾರನೇ ವಾರ ಒಂದು ಯೂರೋ ತೆಗೆದುಕೊಂಡು ಹೋದೆ, ಅವರು ಸಲೀಸಾಗಿ ತೆಗೆದುಕೊಂಡು ಪರ್ಸಿಗೆ ಹಾಕಿಕೊಂಡರು.

ಅಲ್ಲಿಂದ ಶುರು. ತಿಂಗಳಿಗೊಮ್ಮೆ ಪೂಜೆ ಆದಮೇಲೆ ಚರ್ಚಿನ ಹಾಲ್‌ನಲ್ಲಿ ಕಾಫಿ ಇರುತ್ತದೆ, ಯಾರಾದರೂ ಮನೆಯಿಂದ ಕೇಕ್ ಮಾಡಿಕೊಂಡು ತರಬೇಕು. ನನ್ನ ಹೆಸರನ್ನೂ ಪಟ್ಟಿಗೆ ಸೇರಿಸಿದರು. ಕೇಕ್ ಬರುವುದಿಲ್ಲ ಅಂತ ಕಜ್ಜಾಯ ಮಾಡಿದೆ, ಅಮ್ಮನಿಂದ ವಿಡಿಯೋ ಕಾಲ್‌ನಲ್ಲಿ ಬೆಲ್ಲದ ಪಾಕದ ಹದ ಕೇಳಿಕೊಂಡು. ಎಲ್ಲರೂ ಚಾಕು ಫೋರ್ಕಿನಲ್ಲಿ ಕತ್ತರಿಸಿ ತಿಂದರು. ಅಜ್ಜಿ ಎರಡನೆಯದಕ್ಕೆ ಕೈ ಹಾಕಿ "ಇದು ಕ್ರಿಸ್‌ಮಸ್‌ಗಾ?" ಅಂದರು. ಹೌದು ಅಂದೆ. "ಹಾಗಿದ್ರೆ ಜಾಸ್ತಿ ಮಾಡಿ."

ಫಾದರ್ ಬಗ್ಗೆ ಹೇಳಲೇಬೇಕು. ಅವರು ಕೇರಳದವರು. ಆರು ಊರಿನ ಆರು ಚರ್ಚಿಗೆ ಒಬ್ಬರೇ ಫಾದರ್. ಆರು ಧರ್ಮಕೇಂದ್ರಗಳನ್ನು (ಪ್ಯಾರಿಷ್‌ಗಳನ್ನು) ಸೇರಿಸಿ ಒಂದು ಮಾಡಿದ್ದಾರೆ, ಇಲ್ಲಿನ ಹುಡುಗರು ಫಾದರ್ ಆಗಲು ಓದುವ ಸೆಮಿನರಿಗೆ ಸೇರುವುದು ಅಷ್ಟು ಕಮ್ಮಿ. ಜರ್ಮನಿಯ ಎಷ್ಟೋ ಊರುಗಳಲ್ಲಿ ಈಗ ಭಾರತದ ಫಾದರ್‌ಗಳೇ ಪೂಜೆ ಕೊಡುವುದು. ಮಂಗಳೂರು ಕಡೆಯವರಿಗೆ ಫಾದರ್ ಮುಲ್ಲರ್ ಗೊತ್ತಿರಬೇಕಲ್ಲ, ಜರ್ಮನಿಯಿಂದ ಬಂದು 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗೆ ಔಷಧ ಕೊಡಲು ಶುರು ಮಾಡಿದವರು. ಆಗ ಜರ್ಮನಿಯವರು ಒಬ್ಬರನ್ನು ಕಳಿಸಿದರು, ಈಗ ನಾವು ವಾಪಸ್ ಕಳಿಸುತ್ತಿದ್ದೇವೆ, ಬಡ್ಡಿ ಸೇರಿಸಿ. ನಮ್ಮ ಫಾದರ್ ಓದಿದ್ದು ಬೆಂಗಳೂರಿನಲ್ಲಿ. ನಾನು ಮೈಸೂರು ಅಂದ ತಕ್ಷಣ "ಸ್ವಲ್ಪ ಸ್ವಲ್ಪ ಕನ್ನಡ ಗೊತ್ತು" ಅಂದು, ಆಮೇಲೆ ತುಂಬ ಯೋಚಿಸಿ, "ಚಿಲ್ಲರೆ ಇಲ್ಲ" ಅಂದರು. ಬಿಎಂಟಿಸಿ ಬಸ್ಸಿನಲ್ಲಿ ಕಲಿತ ಕನ್ನಡ. ಅವರ ಜರ್ಮನ್ ಉಚ್ಚಾರ ಅರ್ಥವಾಗುವುದಿಲ್ಲ ಅಂತ ಕೆಲವರ ದೂರು ಇದೆ. ನನಗೆ ಇಡೀ ಊರಿನಲ್ಲಿ ಪೂರ್ತಿ ಅರ್ಥವಾಗುವ ಜರ್ಮನ್ ಅದೊಂದೇ.

ವರ್ಷದಲ್ಲಿ ಎರಡು ಸಲ ಊರು ಎಚ್ಚರವಾಗುತ್ತದೆ. ನವೆಂಬರ್ 11, ಸಂತ ಮಾರ್ಟಿನ್ ಹಬ್ಬ. ಮಕ್ಕಳು ಕಾಗದದ ಲಾಟೀನು ಹಿಡಿದು ಕತ್ತಲಲ್ಲಿ ಮೆರವಣಿಗೆ ಹೋಗುತ್ತಾರೆ, ಮುಂದೆ ಕುದುರೆ ಮೇಲೆ ಕೆಂಪು ಮೇಲಂಗಿ ತೊಟ್ಟ ಮಾರ್ಟಿನ್, ಆ ಮೇಲಂಗಿಯನ್ನು ಕತ್ತರಿಸಿ ಅರ್ಧವನ್ನು ಭಿಕ್ಷುಕನಿಗೆ ಕೊಟ್ಟ ಕಥೆ. ಕೊನೆಗೆ ಮಣ್ಣಿನ ಪೈಪು ಚುಚ್ಚಿದ ಗೊಂಬೆ ಆಕಾರದ ಬ್ರೆಡ್ಡು ಹಂಚುತ್ತಾರೆ. ವರ್ಷವಿಡೀ ಚರ್ಚಿಗೆ ಕಾಲಿಡದವರೂ ಅಂದು ಹಾಜರ್. ಇನ್ನೊಂದು ಜನವರಿ 6ರ ಆಸುಪಾಸು. ಮಕ್ಕಳು ಬಾಲಯೇಸುವನ್ನು ನೋಡಲು ಬಂದ ಮೂರು ರಾಜರ ವೇಷ ಹಾಕಿ ಮನೆಮನೆಗೆ ಬಂದು ಹಾಡಿ, ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಆ ವರ್ಷದ ಸಂಖ್ಯೆಯ ನಡುವೆ ಸಿ, ಎಂ, ಬಿ ಅಂತ ಬರೆದು ಹೋಗುತ್ತಾರೆ. ಲ್ಯಾಟಿನ್‌ನಲ್ಲಿ, ಕ್ರಿಸ್ತ ಈ ಮನೆಯನ್ನು ಹರಸಲಿ ಅಂತ. ಕೈಯಲ್ಲಿ ಬೇರೆ ಬೇರೆ ದೇಶಗಳ ಬಡ ಮಕ್ಕಳಿಗಾಗಿ ಕಾಣಿಕೆ ಡಬ್ಬಿ. ಮೊದಲ ವರ್ಷ ನನ್ನ ಬಾಗಿಲಿಗೆ ಬಂದ ಪುಟ್ಟ ರಾಜ, ಕಿರೀಟ ಕಿವಿ ಮೇಲೆ ಜಾರಿತ್ತು, ನನ್ನನ್ನು ನೋಡಿ ಯಾವ ದೇಶ ಅಂತ ಕೇಳಿದ. ಭಾರತ ಅಂದೆ. ಅವನು ಡಬ್ಬಿ ನೋಡಿದ, ನನ್ನನ್ನು ನೋಡಿದ, ನನ್ನ ಹತ್ತಿರ ಕಾಸು ಕೇಳೋದೋ ನನಗೇ ಕೊಡೋದೋ ಅಂತ ಗೊತ್ತಾಗದೆ ಪಕ್ಕದ ರಾಜನ ಕಡೆ ತಿರುಗಿದ. ನಾನೇ ಐದು ಯೂರೋ ಹಾಕಿದೆ.

ಆದರೆ ಈ ಪ್ಯಾರಿಷ್ ನನ್ನದು ಅಂತ ಅನ್ನಿಸಿದ್ದು ಹಬ್ಬದಲ್ಲಿ ಅಲ್ಲ, ಒಂದು ಸಾವಿನಲ್ಲಿ. ನಾನು ನೋಡಿಕೊಳ್ಳುತ್ತಿದ್ದ ಒಬ್ಬರು ಹಿರಿಯರು ತೀರಿಕೊಂಡರು. ಮಕ್ಕಳಿಲ್ಲ, ದೂರದ ಸಂಬಂಧಿಯೊಬ್ಬರು ಬಂದಿದ್ದರು. ಚರ್ಚಿನಲ್ಲಿ ಆ ಸಂಬಂಧಿ, ನಾನು, ನಮ್ಮ ಇನ್ನೊಬ್ಬ ನರ್ಸು, ಫಾದರ್, ಆರ್ಗನ್ ನುಡಿಸುವವರು. ಅಷ್ಟೇ ಜನ. ಊರಲ್ಲಿ ಗೊತ್ತಿಲ್ಲದವರ ಮಣ್ಣಿಗೂ ನೂರು ಜನ ಸೇರುತ್ತಾರೆ, ನನಗೆ ಆ ಖಾಲಿ ಬೆಂಚುಗಳನ್ನು ನೋಡಲು ಆಗಲಿಲ್ಲ. ಪೂಜೆ ಶುರುವಾಗುವ ಹೊತ್ತಿಗೆ ಬಾಗಿಲು ಕಿರುಗುಟ್ಟಿತು. ನೀಲಿ ಕೋಟು. ಅಜ್ಜಿ ತಮ್ಮ ದಿಂಬು ಹಾಕಿಕೊಂಡು ಮೂರನೇ ಬೆಂಚಿನಲ್ಲೇ ಕೂತರು. ಅವರ ಹಿಂದೆ ಇನ್ನೂ ನಾಲ್ಕು ಅಜ್ಜಿಯರು. ಆಮೇಲೆ ಕೇಳಿದೆ, ನಿಮಗೆ ಅವರು ಪರಿಚಯವಾ ಅಂತ. "ಇಲ್ಲ" ಅಂದರು. "ಯಾರಾದ್ರೂ ಹಾಡಬೇಕಲ್ಲ."

ಹಾಡಿದರು ಕೂಡ. ಐದು ನಡುಗುವ ಗಂಟಲು. ನಾನೂ ಅವತ್ತು ನಂಬರ್ ಹುಡುಕಿದೆ, ಎರಡನೇ ಚರಣಕ್ಕೆ ಸೇರಿಕೊಂಡೆ.

ಮಣ್ಣು ಆದಮೇಲೆ ಹಾಲ್‌ನಲ್ಲಿ ಕಾಫಿ. ಇದು ಇಲ್ಲಿಯ ಪದ್ಧತಿ, ತಪ್ಪಿಸುವುದಿಲ್ಲ. ಅರ್ಧ ಮಾಡಿದ ಬನ್ನಿನ ಮೇಲೆ ಚೀಸು ಅಥವಾ ಹಂದಿ ಮಾಂಸ, ಮೇಲೆ ಬೆಣ್ಣೆ ಹಿಟ್ಟಿನ ಉದುರು ಹಾಕಿದ ತಟ್ಟೆ ಕೇಕು. ಹತ್ತು ನಿಮಿಷಕ್ಕೆ ಎಲ್ಲರೂ ನಗುತ್ತಿದ್ದಾರೆ! ಮೊದಲು ಕಸಿವಿಸಿ ಆಯಿತು. ಆಮೇಲೆ ಆ ಸಂಬಂಧಿ ತೀರಿಕೊಂಡವರ ಕುಡಿತದ ಕಥೆ ಹೇಳಿದರು, ನಾನು ಅವರು ರಾತ್ರಿ ಬಚ್ಚಿಟ್ಟು ಚಾಕೊಲೇಟ್ ತಿನ್ನುತ್ತಿದ್ದದ್ದು ಹೇಳಿದೆ, ನನಗೇ ನಗು ಬಂತು. ಆರು ವಾರಕ್ಕೆ ಅವರ ಹೆಸರಿನಲ್ಲಿ ಇನ್ನೊಂದು ಪೂಜೆ ಇಡುತ್ತಾರೆ, ನಮ್ಮ ಮೂವತ್ತನೇ ದಿನದ ಪೂಜೆ ಥರ. ಸಂಬಂಧಿಗೆ ಬರಲು ಆಗಲಿಲ್ಲ. ನಾವು ಆರು ಜನ ಹೋದೆವು.

ಈಗ ಚರ್ಚು ಖಾಲಿ ಅಂತ ನನಗೆ ಅನ್ನಿಸುವುದಿಲ್ಲ ಅಂದರೆ ಸುಳ್ಳಾಗುತ್ತದೆ, ಖಾಲಿಯೇ. ಅಜ್ಜಿಯರು ಹೋದ ಮೇಲೆ ಏನು ಅಂತ ಯಾರೂ ಬಾಯಿ ಬಿಟ್ಟು ಕೇಳುವುದಿಲ್ಲ. ಈಗಲೇ ನಮ್ಮ ಚರ್ಚಿನಲ್ಲಿ ಪ್ರತಿ ಭಾನುವಾರ ಪೂಜೆ ಇಲ್ಲ. ಆರು ಊರಿಗೂ ಸರದಿ. ಒಂದು ವಾರ ಇಲ್ಲಿ 11 ಗಂಟೆಗೆ, ಒಂದು ವಾರ ಪಕ್ಕದ ಊರಲ್ಲಿ ಒಂಬತ್ತೂವರೆಗೆ, ಕೆಲವು ಸಲ ಶನಿವಾರ ಸಂಜೆ. ಈ ಭಾನುವಾರ ಬೆಟ್ಟದ ಮೇಲಿನ ಊರಿನ ಸರದಿ. ಭಾನುವಾರ ಆ ಕಡೆ ಬಸ್ಸಿಲ್ಲ. ಹಾಗಾಗಿ ಅಜ್ಜಿ ತಮ್ಮ ಕಾರಿನಲ್ಲಿ ನನ್ನನ್ನು ಕರೆದುಕೊಂಡು ಹೋಗುತ್ತಾರೆ. ಎಂಬತ್ತನಾಲ್ಕರ ಅಜ್ಜಿ, ಸ್ಟೀರಿಂಗ್‌ಗೆ ಮೂಗು ತಾಗುವಷ್ಟು ಮುಂದೆ ಬಾಗಿ, ತಿರುವಿನಲ್ಲೂ ನನ್ನ ಕಡೆ ತಿರುಗಿ ಮಾತಾಡುತ್ತಾ, ಕಳೆದ ವಾರ ಬಂದಿದ್ದವರು ಯಾರು, ಬರದವರು ಯಾರು ಅಂತ ಹಾಜರಿ ಹೇಳುತ್ತಾ ಹೋಗುತ್ತಾರೆ. ನಾನು ಸೀಟ್ ಬೆಲ್ಟ್ ಗಟ್ಟಿಯಾಗಿ ಹಿಡಿದು ಮನಸ್ಸಿನಲ್ಲೇ ನಮೋ ಮರಿಯಾ ಹೇಳುತ್ತೇನೆ. ಬೆಟ್ಟ ಹತ್ತಿ ಇಳಿಯುವಷ್ಟರಲ್ಲಿ ಎರಡು ಜಪಸರ ಮುಗಿದಿರುತ್ತದೆ.